ಶೇಖ್ ಸಾದಿಯ ಹೆಸರು ಹೊತ್ತ ಎಂಜಿನಿಯರ್

1796ರ ಜೂನ್ 1ರಂದು ಪ್ಯಾರಿಸ್ ನಗರದಲ್ಲಿ ಒಂದು ಗಂಡು ಮಗು ಹುಟ್ಟಿತು. ತಂದೆ ಆ ಮಗುವಿಗೆ ಸಾದಿ ಎಂದು ಹೆಸರಿಟ್ಟರು. ಫ್ರೆಂಚರಿಗೆ ಅದು ಕೇಳರಿಯದ ಹೆಸರು. ಆದರೆ ನಮ್ಮಂಥ ಉರ್ದು ಮಾತಾಡುವ ಮನೆಗಳಲ್ಲಿ ಅದು ಬಹಳ ಹತ್ತಿರದ್ದು. ಗುಲಿಸ್ತಾನ್ ಮತ್ತು ಬೋಸ್ತಾನ್ ಬರೆದ ಶೀರಾಜ್‌ನ ಶೇಖ್ ಸಾದಿಯ ಕಥೆಗಳನ್ನು ದಾದಾ, ನಾನಾ ಬಾಯಿಂದ ಕೇಳದೆ ಬೆಳೆದ ಮಕ್ಕಳು ನಮ್ಮ ಮೊಹಲ್ಲಾದಲ್ಲಿ ಕಡಿಮೆ. ಪ್ಯಾರಿಸ್‌ನ ಆ ತಂದೆಗೂ 13ನೆಯ ಶತಮಾನದ ಆ ಪಾರಸಿ ಕವಿಯ ಮೇಲೆ ಬಹಳ ಅಭಿಮಾನವಿತ್ತು. ಹಾಗಾಗಿ ಮಗ ನಿಕೋಲಾ ಲಿಯೊನಾರ್ ಸಾದಿ ಕಾರ್ನೊ ಆದ. ಮುಂದೆ ಜಗತ್ತು ಅವರನ್ನು ಬರೀ ಸಾದಿ ಕಾರ್ನೊ ಎಂದೇ ಕರೆಯಿತು.

ವಿಜ್ಞಾನ ವಿಭಾಗದ ಗೆಳೆಯರಿಗೆ ಈ ಹೆಸರು ಗೊತ್ತು. ಅವರ ಭೌತಶಾಸ್ತ್ರದ ಪುಸ್ತಕದಲ್ಲಿ ಕಾರ್ನೊ ಎಂಜಿನ್ ಎಂಬ ಪಾಠವಿದೆ, ಪರೀಕ್ಷೆಗೆ ಅದರ ಚಿತ್ರ ಬರೆಯಬೇಕು. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ನಮಗೆ ಎಂಜಿನ್ ಇಲ್ಲ, ತಾಳೆಪಟ್ಟಿ ಇದೆ. ಹಾಗಿದ್ದರೂ ಈ ಮನುಷ್ಯನ ಜೀವನವನ್ನು ನಾನೇಕೆ ಬರೆಯುತ್ತಿದ್ದೇನೆ ಎನ್ನುವುದು ಲೇಖನದ ನಡುವೆ ತಿಳಿಯುತ್ತದೆ. ಈಗಲೇ ಒಂದು ಮಾತು ಹೇಳುತ್ತೇನೆ. ಕಾರ್ನೊ ಕೇಳಿದ ಪ್ರಶ್ನೆ ಒಬ್ಬ ಲೆಕ್ಕಿಗ ಕೇಳುವಂಥ ಪ್ರಶ್ನೆ. ಇಷ್ಟು ಹಾಕಿದರೆ ಹೆಚ್ಚೆಂದರೆ ಎಷ್ಟು ವಾಪಸ್ ಬರುತ್ತದೆ? ಅವರಿಗಿಂತ ಮೊದಲು ಎಂಜಿನ್ ಕಟ್ಟಿದವರು ಬಹಳ ಮಂದಿ. ಈ ಪ್ರಶ್ನೆಯನ್ನು ಎಲ್ಲ ಎಂಜಿನ್‌ಗಳಿಗೂ ಒಟ್ಟಿಗೆ ಕೇಳಿ ಉತ್ತರ ಕಂಡವರು ಇವರೇ ಮೊದಲು.

ಸಾದಿಯ ತಂದೆ ಲಜಾರ್ ಕಾರ್ನೊ ಸಾಮಾನ್ಯರಲ್ಲ. ಗಣಿತಜ್ಞ, ಸೇನೆಯ ಎಂಜಿನಿಯರ್, ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ದೇಶದ ಸೈನ್ಯವನ್ನು ಕಟ್ಟಿ ನಿಲ್ಲಿಸಿದವರು. ಮಗ ಹುಟ್ಟಿದಾಗ ಅವರು ದೇಶವನ್ನು ಆಳುತ್ತಿದ್ದ ಐದು ಜನರ ಮಂಡಳಿಯ ಸದಸ್ಯರು. ಸಾದಿ ಹುಟ್ಟಿದ್ದೇ ಲಕ್ಸೆಂಬರ್ಗ್ ಅರಮನೆಯಲ್ಲಿ. ಆದರೆ ಅಧಿಕಾರ ಎಂಬುದು ಆ ಮನೆಯಲ್ಲಿ ಬಂದು ಹೋಗುವ ನೆಂಟನಂತಿತ್ತು. ಮಗುವಿಗೆ ಒಂದು ವರ್ಷ ದಾಟಿದಾಗ, 1797ರಲ್ಲಿ, ಸರ್ಕಾರದೊಳಗಿನ ಕ್ಷಿಪ್ರಕ್ರಾಂತಿಯಿಂದ ತಂದೆ ದೇಶ ಬಿಟ್ಟು ಓಡಬೇಕಾಯಿತು. ತಾಯಿ ಮಗುವನ್ನು ಎತ್ತಿಕೊಂಡು ಸೇಂಟ್ ಓಮೇರ್ ಎಂಬ ಊರಿನ ತನ್ನ ತವರಿಗೆ ಹೋದರು. ನೆಪೋಲಿಯನ್ ಅಧಿಕಾರಕ್ಕೆ ಬಂದ ಮೇಲೆ ತಂದೆ ಮರಳಿ ಬಂದು 1800ರಲ್ಲಿ ಯುದ್ಧಮಂತ್ರಿಯಾದರು. ಕೆಲವೇ ತಿಂಗಳಲ್ಲಿ ಅದನ್ನೂ ಬಿಟ್ಟರು. ನೆಪೋಲಿಯನ್ ತನ್ನನ್ನೇ ಚಕ್ರವರ್ತಿ ಮಾಡಿಕೊಳ್ಳಲು ಹೊರಟಾಗ ಎದುರು ನಿಂತು ವಿರೋಧಿಸಿದವರಲ್ಲಿ ಲಜಾರ್ ಒಬ್ಬರು.

ಆ ದಿನಗಳ ಒಂದು ಘಟನೆಯನ್ನು ಸಾದಿಯ ತಮ್ಮ ಇಪ್ಪೊಲಿತ್ ಬರೆದಿಟ್ಟಿದ್ದಾರೆ. ತಂದೆ ನೆಪೋಲಿಯನ್ ಜೊತೆ ಕೆಲಸದಲ್ಲಿದ್ದಾಗ ಪುಟ್ಟ ಸಾದಿ ನೆಪೋಲಿಯನ್‌ನ ಹೆಂಡತಿ ಮತ್ತು ಇತರ ಹೆಂಗಸರ ಬಳಿ ಇರುತ್ತಿದ್ದ. ಒಂದು ದಿನ ಆ ಹೆಂಗಸರು ಕೊಳದಲ್ಲಿ ದೋಣಿಯಲ್ಲಿದ್ದರು. ನೆಪೋಲಿಯನ್ ಬಂದು ತಮಾಷೆಗೆಂದು ದೋಣಿಯ ಸುತ್ತ ಕಲ್ಲು ಎಸೆದು ಅವರ ಬಟ್ಟೆಗೆಲ್ಲ ನೀರು ಸಿಡಿಸತೊಡಗಿದ. ನಾಲ್ಕು ವರ್ಷದ ಸಾದಿ ಸಿಟ್ಟಿನಿಂದ ಹೋಗಿ ಅವನ ಮುಂದೆ ನಿಂತು, ಮುಷ್ಟಿ ತೋರಿಸಿ, ಹೆಂಗಸರನ್ನು ಕಾಡಬೇಡ ಎಂದು ಗದರಿಸಿದನಂತೆ. ಯುರೋಪನ್ನೇ ನಡುಗಿಸಿದ ಸೇನಾಪತಿ ಹೊಟ್ಟೆ ಹಿಡಿದು ನಕ್ಕನಂತೆ.

ಮನೆಯಲ್ಲಿ ತಂದೆಯೇ ಮೇಷ್ಟ್ರು. ಗಣಿತ, ವಿಜ್ಞಾನ, ಭಾಷೆ, ಸಂಗೀತ ಎಲ್ಲವೂ ಅಲ್ಲೇ ಶುರುವಾಯಿತು. 1812ರಲ್ಲಿ, ನಮ್ಮ ಮೊದಲ ಪಿಯುಸಿಯ ವಯಸ್ಸಿನಲ್ಲಿ, ಹದಿನಾರು ವರ್ಷದ ಸಾದಿ ಎಕೋಲ್ ಪಾಲಿಟೆಕ್ನಿಕ್ ಸೇರಿದರು. ಅದು ಆಗ ಫ್ರಾನ್ಸ್‌ನ ಅತ್ಯಂತ ಕಠಿಣ ಪ್ರವೇಶ ಪರೀಕ್ಷೆಯ ಕಾಲೇಜು. 1814ರ ಮಾರ್ಚ್‌ನಲ್ಲಿ ಶತ್ರು ಸೈನ್ಯಗಳು ಪ್ಯಾರಿಸ್ ಬಾಗಿಲಿಗೆ ಬಂದಾಗ ಈ ಕಾಲೇಜಿನ ಹುಡುಗರೂ ಫಿರಂಗಿ ಹಿಡಿದು ಹೋರಾಡಿದರು. ಅವರಲ್ಲಿ ಸಾದಿಯೂ ಇದ್ದರು. ಊರು ಸೋತಿತು. ಓದು ಮುಗಿಸಿ ಅವರು ಮೆಟ್ಜ್ ನಗರದ ಸೇನಾ ಎಂಜಿನಿಯರಿಂಗ್ ಶಾಲೆಗೆ ಹೋದರು.

ಮರುವರ್ಷ ನೆಪೋಲಿಯನ್ ನೂರು ದಿನಗಳ ಮಟ್ಟಿಗೆ ಹಿಂತಿರುಗಿ ಬಂದಾಗ ತಂದೆ ಗೃಹಮಂತ್ರಿಯಾದರು. ಹಿರಿಯ ಅಧಿಕಾರಿಗಳಿಗೆಲ್ಲ ಇದ್ದಕ್ಕಿದ್ದಂತೆ ಈ ಕಿರಿಯ ಹುಡುಗನ ಮೇಲೆ ಪ್ರೀತಿ ಬಂತು. ವಾಟರ್ಲೂ ಕದನದ ನಂತರ ರಾಜನ ಆಡಳಿತ ಮರಳಿತು, ತಂದೆಯನ್ನು ಗಡಿಪಾರು ಮಾಡಲಾಯಿತು, ಆ ಪ್ರೀತಿಯೂ ಹೊರಟುಹೋಯಿತು. ಕಾರ್ನೊ ಎಂಬ ಹೆಸರೇ ಸಾದಿಗೆ ಭಾರವಾಯಿತು. ಒಂದು ಕೋಟೆಯಿಂದ ಇನ್ನೊಂದು ಕೋಟೆಗೆ ಅವರನ್ನು ಕಳಿಸುತ್ತಿದ್ದರು. ಇಟ್ಟಿಗೆ ಎಣಿಸುವುದು, ಗೋಡೆ ದುರಸ್ತಿ ನೋಡುವುದು, ಯಾರೂ ಓದದ ವರದಿ ಬರೆಯುವುದು, ಇದೇ ಕೆಲಸ. 1819ರಲ್ಲಿ ಪರೀಕ್ಷೆ ಬರೆದು ಸೇನೆಯ ಸಿಬ್ಬಂದಿ ದಳಕ್ಕೆ ಸೇರಿದರು. ಬೇಗನೆ ಅರ್ಧ ಸಂಬಳದ ರಜೆ ಪಡೆದು ಪ್ಯಾರಿಸ್‌ನಲ್ಲಿ ನೆಲೆಸಿದರು.

ಅರ್ಧ ಸಂಬಳ, ಪೂರ್ತಿ ಸಮಯ. ಆ ಸಮಯವನ್ನು ಅವರು ಬಳಸಿದ ರೀತಿ ನನಗೆ ತುಂಬ ಹಿಡಿಸಿತು. ಕೆಲಸಗಾರರಿಗೂ ತೆರೆದಿದ್ದ ಸಂಸ್ಥೆಯಲ್ಲಿ ಕೂತು ಕೈಗಾರಿಕಾ ರಸಾಯನಶಾಸ್ತ್ರದ ಉಪನ್ಯಾಸ ಕೇಳಿದರು. ಕಾರ್ಖಾನೆಗಳಿಗೆ ಹೋಗಿ ಯಂತ್ರ ನೋಡಿದರು. ಅರ್ಥಶಾಸ್ತ್ರ ಓದಿದರು, ತೆರಿಗೆ ಹೇಗಿರಬೇಕೆಂದು ಟಿಪ್ಪಣಿ ಬರೆದರು. ಪಿಟೀಲು ನುಡಿಸಿದರು, ಈಜಿದರು, ಕತ್ತಿವರಸೆ ಕಲಿತರು. ಮಾತು ಕಡಿಮೆ, ಗೆಳೆಯರು ಇನ್ನೂ ಕಡಿಮೆ. 1821ರಲ್ಲಿ ಜರ್ಮನಿಯ ಮಾಗ್ಡೆಬರ್ಗ್ ಊರಿಗೆ ಹೋಗಿ, ದೇಶಭ್ರಷ್ಟರಾಗಿದ್ದ ತಂದೆಯ ಜೊತೆ ಕೆಲವು ವಾರ ಇದ್ದರು. ಆ ಊರಿಗೆ ಹಬೆ ಯಂತ್ರ ಬಂದು ಕೆಲವೇ ವರ್ಷವಾಗಿತ್ತು. ತಂದೆ ಯೌವನದಲ್ಲಿ ನೀರಿನ ಚಕ್ರಗಳಂಥ ಯಂತ್ರಗಳ ಬಗ್ಗೆ ಪುಸ್ತಕ ಬರೆದವರು. ಅಲ್ಲಿಂದ ವಾಪಸ್ ಬಂದ ಮಗನ ತಲೆಯಲ್ಲಿ ಹಬೆ ಯಂತ್ರ ಬಿಟ್ಟು ಬೇರೇನೂ ಇರಲಿಲ್ಲ.

ಆ ಕಾಲದ ಸ್ಥಿತಿ ಹೀಗಿತ್ತು. ಇಂಗ್ಲೆಂಡಿನ ಗಣಿಗಳಲ್ಲಿ, ಗಿರಣಿಗಳಲ್ಲಿ ಹಬೆ ಯಂತ್ರಗಳು ದುಡಿಯುತ್ತಿದ್ದವು. ಅವನ್ನು ಸುಧಾರಿಸಿದವರು ಜೇಮ್ಸ್ ವಾಟ್‌ನಂಥ ಕುಶಲಿಗರು. ಕಾರ್ನೊ ನೋಡಿದಂತೆ, ಇಂಗ್ಲೆಂಡಿನಿಂದ ಹಬೆ ಯಂತ್ರವನ್ನು ಕಿತ್ತುಕೊಂಡರೆ ಅದರ ಹಡಗುಪಡೆ ಕಿತ್ತುಕೊಂಡದ್ದಕ್ಕಿಂತ ದೊಡ್ಡ ಪೆಟ್ಟು. ಆದರೆ ಸುಧಾರಣೆಯೆಲ್ಲ ಮಾಡಿ ನೋಡಿ ಕಲಿತದ್ದು. ಒಂದು ಸೇರು ಕಲ್ಲಿದ್ದಲಿನಿಂದ ಕೊನೆಗೆ ಎಷ್ಟು ಕೆಲಸ ತೆಗೆಯಬಹುದು, ಅದಕ್ಕೆ ಮಿತಿ ಇದೆಯೇ, ಹಬೆಯ ಬದಲು ಗಾಳಿಯನ್ನೋ ಮದ್ಯಸಾರದ ಆವಿಯನ್ನೋ ಬಳಸಿದರೆ ಲಾಭ ಹೆಚ್ಚೇ ಎಂಬುದಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ.

ಕಾರ್ನೊ ಕಣ್ಣೆದುರಿನ ಯಾವ ಯಂತ್ರವನ್ನೂ ಹಿಡಿಯದೆ, ಕಾಗದದ ಮೇಲೆ ಒಂದು ಮಾದರಿ ಯಂತ್ರ ಕಟ್ಟಿದರು. ಸವೆತವಿಲ್ಲ, ಸೋರಿಕೆಯಿಲ್ಲ. ಒಂದು ಸಿಲಿಂಡರ್, ಒಂದು ಪಿಸ್ಟನ್, ಒಳಗೆ ಗಾಳಿ. ಒಂದು ಕಡೆ ಬಿಸಿ ವಸ್ತು, ಇನ್ನೊಂದು ಕಡೆ ತಣ್ಣನೆಯ ವಸ್ತು. ಮೊದಲು ಬಿಸಿ ವಸ್ತುವಿಗೆ ತಾಗಿಸಿದಾಗ ಗಾಳಿ ಮೆಲ್ಲಗೆ ಹಿಗ್ಗಿ ಪಿಸ್ಟನ್ ತಳ್ಳುತ್ತದೆ. ಆಮೇಲೆ ಬಿಸಿ ವಸ್ತುವನ್ನು ಸರಿಸಿದರೂ ಗಾಳಿ ಇನ್ನಷ್ಟು ಹಿಗ್ಗುತ್ತದೆ, ಹಿಗ್ಗುತ್ತ ತಣ್ಣಗಾಗುತ್ತದೆ. ಮೂರನೆಯದಾಗಿ ತಣ್ಣನೆಯ ವಸ್ತುವಿಗೆ ತಾಗಿಸಿಕೊಂಡು ಗಾಳಿಯನ್ನು ಒತ್ತಬೇಕು. ಕೊನೆಗೆ ಅದನ್ನೂ ಸರಿಸಿ ಇನ್ನೂ ಒತ್ತಿದರೆ ಗಾಳಿ ಮೊದಲಿನಷ್ಟೇ ಬಿಸಿಯಾಗಿ ಶುರುವಿನ ಜಾಗಕ್ಕೆ ಬರುತ್ತದೆ. ಪುಸ್ತಕದಲ್ಲಿ ನೋಡಿದರೆ ಇದು ನಾಲ್ಕು ಗೆರೆಗಳ ಒಂದು ಚಿತ್ರ. ನನಗೆ ಅರ್ಥವಾದದ್ದು ನಮ್ಮ ಅಂಗಡಿಯಿಂದ. ಅಬ್ಬಾ ಅವರದ್ದು ಪಿ.ಬಿ. ರೋಡಿನ ಪಕ್ಕದಲ್ಲಿ ಪಂಚರ್ ಅಂಗಡಿ. ಕಂಪ್ರೆಸರ್ ಹತ್ತು ನಿಮಿಷ ಓಡಿದರೆ ಅದರ ತಲೆ ಮುಟ್ಟಲಾಗದಷ್ಟು ಸುಡುತ್ತದೆ. ಅದೇ ಗಾಳಿಯನ್ನು ಪೈಪಿನಿಂದ ಬಿಟ್ಟರೆ ಬೆರಳಿಗೆ ತಣ್ಣಗೆ ತಾಗುತ್ತದೆ. ಒತ್ತಿದ ಗಾಳಿ ಬಿಸಿ, ಹಿಗ್ಗಿದ ಗಾಳಿ ತಂಪು. ಇದನ್ನು ದಿನವೂ ನೋಡುವ ನಮಗೆ ಕಾರ್ನೊ ದೂರದವರಲ್ಲ.

ಉತ್ತರಕ್ಕೆ ಅವರು ತಂದೆಯ ನೀರಿನ ಚಕ್ರವನ್ನೇ ಹೋಲಿಕೆಯಾಗಿ ತೆಗೆದುಕೊಂಡರು. ನೀರು ಎತ್ತರದಿಂದ ತಗ್ಗಿಗೆ ಬಿದ್ದಾಗ ಚಕ್ರ ತಿರುಗುತ್ತದೆ. ಹಾಗೆಯೇ ಶಾಖ ಬಿಸಿ ಜಾಗದಿಂದ ತಣ್ಣನೆಯ ಜಾಗಕ್ಕೆ ಇಳಿಯುವಾಗ ಕೆಲಸ ಮಾಡುತ್ತದೆ. ಬರೀ ಬಿಸಿ ಇದ್ದರೆ ಸಾಲದು, ತಣ್ಣನೆಯದೂ ಬೇಕು. ಒಳಗಿರುವುದು ಹಬೆಯೋ ಗಾಳಿಯೋ ಎನ್ನುವುದು ಮುಖ್ಯವಲ್ಲ. ಎರಡು ಕಡೆಯ ಉಷ್ಣತೆ ಎಷ್ಟೆಷ್ಟು ಎನ್ನುವುದೇ ಗರಿಷ್ಠ ಲಾಭವನ್ನು ತೀರ್ಮಾನಿಸುತ್ತದೆ. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ, ಬಿಸಿ ಕಡೆ 327 ಡಿಗ್ರಿ ಸೆಲ್ಸಿಯಸ್, ಅಂದರೆ 600 ಕೆಲ್ವಿನ್, ತಣ್ಣನೆಯ ಕಡೆ 27 ಡಿಗ್ರಿ, ಅಂದರೆ 300 ಕೆಲ್ವಿನ್ ಇದ್ದರೆ, ಜಗತ್ತಿನ ಯಾವ ಎಂಜಿನಿಯರ್ ಬಂದರೂ ನೂರು ಭಾಗ ಶಾಖದಿಂದ ಐವತ್ತಕ್ಕಿಂತ ಹೆಚ್ಚು ಕೆಲಸ ತೆಗೆಯಲಾರ.

ಇದನ್ನು ಅವರು ಸಾಧಿಸಿದ ರೀತಿ ಒಳ್ಳೆಯ ವಕೀಲರ ವಾದದಂತಿದೆ. ಮಾದರಿ ಯಂತ್ರವನ್ನು ಹಿಂದಕ್ಕೂ ಓಡಿಸಬಹುದು. ಆಗ ಅದು ಕೆಲಸ ತೆಗೆದುಕೊಂಡು ಶಾಖವನ್ನು ತಗ್ಗಿನಿಂದ ಎತ್ತರಕ್ಕೆ ಏರಿಸುತ್ತದೆ. ನಮ್ಮ ಮನೆಯ ಫ್ರಿಜ್ ಮಾಡುವುದೂ ಇದೇ. ಈಗ ಯಾರೋ ಇದಕ್ಕಿಂತ ಹೆಚ್ಚು ಲಾಭದ ಯಂತ್ರ ತಂದರೆನ್ನಿ. ಅದು ದುಡಿದ ಕೆಲಸದಲ್ಲಿ ಒಂದು ಪಾಲಿನಿಂದ ಮಾದರಿ ಯಂತ್ರವನ್ನು ಹಿಂದಕ್ಕೆ ಓಡಿಸಿ ಶಾಖವನ್ನೆಲ್ಲ ಮೊದಲಿನ ಜಾಗಕ್ಕೆ ಸೇರಿಸಬಹುದು, ಉಳಿದ ಪಾಲು ಪುಕ್ಕಟೆ. ಏನೂ ಖರ್ಚಿಲ್ಲದೆ ಎಂದೆಂದಿಗೂ ದುಡಿಯುವ ಯಂತ್ರ ಸಿಕ್ಕಂತಾಯಿತು. ಅದು ಅಸಾಧ್ಯ. ಆದ್ದರಿಂದ ಹೆಚ್ಚು ಲಾಭದ ಯಂತ್ರವೂ ಅಸಾಧ್ಯ.

ಇನ್ನೊಂದು ಮಾತನ್ನೂ ಅವರು ಸ್ಪಷ್ಟವಾಗಿ ಕಂಡರು. ಬಿಸಿ ಮತ್ತು ತಂಪಿನ ನಡುವಿನ ವ್ಯತ್ಯಾಸ ಕೆಲಸ ಮಾಡದೆ ಸುಮ್ಮನೆ ಅಳಿಸಿಹೋದರೆ ಅದೇ ನಷ್ಟ. ನೀರು ಚಕ್ರಕ್ಕೆ ಬೀಳದೆ ಪಕ್ಕದಲ್ಲಿ ಹರಿದುಹೋದ ಹಾಗೆ. ಅವರ ಲೆಕ್ಕದಲ್ಲಿ ಆಗಿನ ಅತ್ಯುತ್ತಮ ಹಬೆ ಯಂತ್ರವೂ ಕಲ್ಲಿದ್ದಲಿನಲ್ಲಿದ್ದ ಶಕ್ತಿಯ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಕೊಡುತ್ತಿತ್ತು. ಹತ್ತೊಂಬತ್ತು ಪಾಲು ಪಕ್ಕದಲ್ಲೇ ಹರಿದುಹೋಗುತ್ತಿತ್ತು. ಆದರೂ ಪುಸ್ತಕದ ಕೊನೆಯಲ್ಲಿ ಅವರು ಉರುವಲಿನ ಉಳಿತಾಯವೊಂದೇ ಸಾಲದು ಎನ್ನುತ್ತಾರೆ. ಯಂತ್ರದ ಸುರಕ್ಷತೆ, ಗಟ್ಟಿತನ, ಬಾಳಿಕೆ, ಹಿಡಿಸುವ ಜಾಗ, ಹೂಡುವ ಬಂಡವಾಳ ಎಲ್ಲವನ್ನೂ ತೂಗಿ ನೋಡಬೇಕು. ಅದನ್ನು ಓದಿದಾಗ ಇದು ನಮ್ಮ ವ್ಯವಹಾರ ಅಧ್ಯಯನದ ಪಾಠವಲ್ಲವೇ ಅನಿಸಿತು.

ಈಗ ನಾನು ಈ ಲೇಖನ ಬರೆಯಲು ಕಾರಣ ಹೇಳುತ್ತೇನೆ. ಕಳೆದ ಬೇಸಿಗೆ ರಜೆಯಲ್ಲಿ ಒಬ್ಬ ಏಜೆಂಟ್ ನಮ್ಮ ಅಂಗಡಿಗೆ ಬಂದ. ಗಾಳಿಯಿಂದ ಓಡುವ ಸಣ್ಣ ಲಗೇಜ್ ಗಾಡಿ ಬರಲಿದೆ, ಮುಂಗಡ ಕಟ್ಟಿದವರಿಗೆ ತಾಲ್ಲೂಕಿನ ಏಜೆನ್ಸಿ ಎಂದ. ಬಣ್ಣದ ಕಾಗದ, ಮೊಬೈಲಿನಲ್ಲಿ ವಿಡಿಯೊ ಎಲ್ಲ ಇತ್ತು. ಒಮ್ಮೆ ಟ್ಯಾಂಕ್ ತುಂಬಿಸಿದರೆ ಸಾಕು, ಆಮೇಲೆ ಚಕ್ರಕ್ಕೆ ಜೋಡಿಸಿದ ಪಂಪು ಓಡುತ್ತಲೇ ಗಾಳಿ ತುಂಬಿಕೊಳ್ಳುತ್ತದೆ, ಪೆಟ್ರೋಲೂ ಬೇಡ ಕರೆಂಟೂ ಬೇಡ ಎಂದು ಹೇಳಿದ. ಭಾಯಿಜಾನ್ ಲಗೇಜ್ ಆಟೊ ಓಡಿಸುತ್ತಾರೆ. ಡೀಸೆಲ್ ಬಂಕಿಗೆ ಹೋಗಿ ಬಂದ ದಿನ ಅವರ ಮುಖ ನಾವು ನೋಡಿದ್ದೇವೆ. ಟಯರ್ ಬಿಚ್ಚುವ ಮೆಷಿನ್ ತರಲೆಂದು ಅಬ್ಬಾ ಮತ್ತು ಅವರು ಸೇರಿ ಮೂರು ವರ್ಷದಿಂದ ಕೂಡಿಟ್ಟ ಹಣವನ್ನು ಇದಕ್ಕೆ ಹಾಕೋಣ ಎಂದು ಭಾಯಿಜಾನ್ ಹಟ ಹಿಡಿದರು. ಅಂಗಡಿಯ ಲೆಕ್ಕ ಬರೆಯುವವನು ನಾನು. ಅಬ್ಬಾ ನನ್ನ ಕಡೆ ತಿರುಗಿ, ನೀನೊಮ್ಮೆ ಲೆಕ್ಕ ಹಾಕು ಎಂದರು.

ನಾನು ಕಾಲೇಜಿನ ಭೌತಶಾಸ್ತ್ರ ಉಪನ್ಯಾಸಕರ ಬಳಿ ಹೋದೆ. ಅವರು ಮೊದಲು ಹೇಳಿದ್ದು ಕಾರ್ನೊ ಹೆಸರು. ಆಮೇಲೆ ಸೂತ್ರ ಕೊಟ್ಟರು, ಕ್ಯಾಲ್ಕುಲೇಟರ್ ನನ್ನದು. 27 ಡಿಗ್ರಿಯ ಗಾಳಿಯನ್ನು ಶಾಖ ಹೊರಹೋಗಲು ಬಿಡದೆ ಬೇಗನೆ ಹತ್ತು ಪಟ್ಟು ಒತ್ತಡಕ್ಕೆ ಏರಿಸಿದರೆ ಅದು ಸುಮಾರು 306 ಡಿಗ್ರಿಗೆ ಹೋಗುತ್ತದೆ. ಟ್ಯಾಂಕಿನಲ್ಲಿ ಕೂತು ಆ ಬಿಸಿಯೆಲ್ಲ ಆರಿ ಮತ್ತೆ 27ಕ್ಕೆ ಬರುತ್ತದೆ. ಆ ಗಾಳಿ ಎಂಜಿನ್‌ನಲ್ಲಿ ಬೇಗನೆ ಹಿಗ್ಗಿದರೆ ಸೊನ್ನೆಗಿಂತ 118 ಡಿಗ್ರಿ ಕೆಳಕ್ಕೆ ಇಳಿಯುತ್ತದೆ. ಪೈಪಿನಲ್ಲಿ ಮಂಜುಗಡ್ಡೆ ಕಟ್ಟುವುದು ಇದರಿಂದಲೇ. ಒತ್ತುವಾಗ ನೂರು ರೂಪಾಯಿಯಷ್ಟು ಕೆಲಸ ಹಾಕಿದ್ದರೆ ಹಿಗ್ಗುವಾಗ ಬರುವುದು ಐವತ್ತೆರಡು ರೂಪಾಯಿಯಷ್ಟು. ಅದೂ ಸವೆತ, ಸೋರಿಕೆ ಏನೂ ಇಲ್ಲದ ಕಾಗದದ ಎಂಜಿನ್‌ನಲ್ಲಿ. ಉಳಿದ ನಲವತ್ತೆಂಟು ಎಲ್ಲಿ ಹೋಯಿತು? ಟ್ಯಾಂಕ್ ಆರುವಾಗ ಕೆಲಸ ಮಾಡದೆ ಅಳಿಸಿಹೋದ ಬಿಸಿಯಲ್ಲಿ ಹೋಯಿತು. ಕಾರ್ನೊ ಹೇಳಿದ ಪಕ್ಕದಲ್ಲಿ ಹರಿದುಹೋದ ನೀರು ಇದೇ. ಬಿಸಿಯನ್ನು ಮೆಲ್ಲಮೆಲ್ಲಗೆ ಹೊರಬಿಟ್ಟು ಒತ್ತಿ, ಮತ್ತೆ ಮೆಲ್ಲಮೆಲ್ಲಗೆ ಹೊರಗಿನಿಂದ ಬಿಸಿ ಪಡೆದು ಹಿಗ್ಗಿಸಿದರೆ ನೂರಕ್ಕೆ ನೂರು ಬರಬಹುದು. ಆದರೆ ಅಷ್ಟು ನಿಧಾನದ ಗಾಡಿ ಸಂತೆಗೆ ಮುಟ್ಟುವುದಿಲ್ಲ.

ಇನ್ನೊಂದು ಲೆಕ್ಕ. 100 ಲೀಟರ್ ಟ್ಯಾಂಕಿನಲ್ಲಿ 300 ಪಟ್ಟು ಒತ್ತಡದ ಗಾಳಿ ತುಂಬಿದರೆ ಗಾಳಿಯೇ 30 ಕಿಲೋಗೂ ಹೆಚ್ಚು ತೂಗುತ್ತದೆ. ಅದರಿಂದ ಅತ್ಯಂತ ಆದರ್ಶ ರೀತಿಯಲ್ಲಿ ತೆಗೆಯಬಹುದಾದ ಶಕ್ತಿ ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಸುಮಾರು 4 ಯೂನಿಟ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಾಖವಿದೆ. ಎಂಜಿನ್ ಅದರಲ್ಲಿ ಕಾಲು ಭಾಗ ಮಾತ್ರ ಚಕ್ರಕ್ಕೆ ಕೊಟ್ಟರೂ 2 ಯೂನಿಟ್ ದಾಟುತ್ತದೆ. ಅಷ್ಟು ದೊಡ್ಡ ಟ್ಯಾಂಕ್ ಎರಡು ಲೀಟರ್ ಪೆಟ್ರೋಲಿಗೆ ಸಮ. ಚಕ್ರದಿಂದ ಪಂಪು ಓಡಿಸಿ ಅದೇ ಟ್ಯಾಂಕ್ ತುಂಬಿಸುವ ಮಾತಂತೂ ಕಾರ್ನೊ 1824ರಲ್ಲೇ ಬಾಗಿಲು ಹಾಕಿದ ಮಾತು. ಒಬ್ಬನೇ ಮನುಷ್ಯ ಬಲ ಜೇಬಿನಿಂದ ಎಡ ಜೇಬಿಗೆ ಸಾಲ ಕೊಟ್ಟು ಬಡ್ಡಿಯಿಂದ ಶ್ರೀಮಂತನಾಗುತ್ತೇನೆ ಎಂದಂತೆ.

ಎರಡು ಹಾಳೆಯಲ್ಲಿ ಇದನ್ನೆಲ್ಲ ಬರೆದು ಅಬ್ಬಾ ಮುಂದಿಟ್ಟೆ. ಹಣ ಬ್ಯಾಂಕಿನಲ್ಲೇ ಉಳಿಯಿತು. ಭಾಯಿಜಾನ್ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರಿಗೆ ಬೇಕಾಗಿದ್ದದ್ದು ಡೀಸೆಲ್ ಖರ್ಚಿನಿಂದ ಬಿಡುಗಡೆ, ನನ್ನ ಹಾಳೆಗಳು ಅದನ್ನು ಕೊಡಲಿಲ್ಲ. ಅದು ನನಗೂ ಗೊತ್ತು.

ಗಾಳಿಯ ಎಂಜಿನ್ ಸುಳ್ಳು ಎಂದು ಯಾರೂ ತಿಳಿಯಬಾರದು. ಫ್ರಾನ್ಸ್‌ನ ನಾಂತ್ ನಗರದಲ್ಲಿ 1879ರಿಂದ 1917ರವರೆಗೆ ಒತ್ತಿದ ಗಾಳಿಯ ಟ್ರಾಮ್‌ಗಳು ಓಡಿದವು. ಅವನ್ನು ರೂಪಿಸಿದ ಮೆಕಾರ್ಸ್ಕಿ ಗಾಳಿಯನ್ನು ಎಂಜಿನ್‌ಗೆ ಬಿಡುವ ಮೊದಲು ಬಿಸಿನೀರಿನ ಮೂಲಕ ಹಾಯಿಸುತ್ತಿದ್ದ. ಕಾರ್ನೊ ಪಾಠ ಕಲಿತವರು ಮಾಡುವ ಕೆಲಸ ಅದು, ಹೊರಗಿನಿಂದ ಬಿಸಿ ಕೊಟ್ಟು ಹೆಚ್ಚು ಕೆಲಸ ತೆಗೆಯುವುದು. ಕಿಡಿ ಹಾರಿದರೆ ಅಪಾಯವಿರುವ ಗಣಿಗಳಲ್ಲಿಯೂ ಗಾಳಿಯ ಎಂಜಿನ್‌ಗಳು ದುಡಿದಿವೆ. 2007ರಲ್ಲಿ ನಮ್ಮ ದೇಶದ ಟಾಟಾ ಮೋಟಾರ್ಸ್ ಕೂಡ ಫ್ರೆಂಚ್ ಎಂಜಿನಿಯರ್ ಗಿ ನೆಗ್ರ್ ಅವರ ಕಂಪನಿಯ ಜೊತೆ ಗಾಳಿ ಎಂಜಿನ್ ಒಪ್ಪಂದ ಮಾಡಿಕೊಂಡಿತ್ತು. ಎಲ್ಲಿ ಹೊಗೆ ಬೇಡವೋ, ದೂರ ಕಡಿಮೆಯೋ ಅಲ್ಲಿ ಅದಕ್ಕೊಂದು ಜಾಗವಿದೆ. ಪುಕ್ಕಟೆ ಎಂಬ ಜಾಗ ಮಾತ್ರ ಇಲ್ಲ.

ಮತ್ತೆ ಸಾದಿ ಕಾರ್ನೊ ಕಥೆಗೆ ಬರೋಣ. 1823ರಲ್ಲಿ ತಂದೆ ಮಾಗ್ಡೆಬರ್ಗ್‌ನಲ್ಲೇ ತೀರಿಕೊಂಡರು. ತಮ್ಮ ಇಪ್ಪೊಲಿತ್ ಪ್ಯಾರಿಸ್‌ಗೆ ಬಂದು ಅಣ್ಣನ ಜೊತೆ ನೆಲೆಸಿದರು. ಅಣ್ಣ ಬರೆದ ಪುಟಗಳನ್ನು ತಮ್ಮನ ಕೈಗೆ ಕೊಟ್ಟು ಓದಿಸುತ್ತಿದ್ದರು. ವಿಜ್ಞಾನ ಕಲಿಯದವರಿಗೂ ಅರ್ಥವಾಗಬೇಕು ಎಂಬುದು ಅವರ ಆಸೆ. 1824ರಲ್ಲಿ ಬೆಂಕಿಯ ಚಾಲಕ ಶಕ್ತಿಯ ಕುರಿತ ಚಿಂತನೆಗಳು ಎಂಬ ಅರ್ಥದ ಹೆಸರಿನಲ್ಲಿ 118 ಪುಟಗಳ ಪುಸ್ತಕ ಹೊರಬಂತು. ಸ್ವಂತ ಖರ್ಚು, 600 ಪ್ರತಿ, ಬೆಲೆ 3 ಫ್ರಾಂಕ್. ಲೇಖಕನ ವಯಸ್ಸು 28. ಅಕಾಡೆಮಿಯಲ್ಲಿ ಒಬ್ಬ ಸದಸ್ಯರು ಅದನ್ನು ಪರಿಚಯಿಸಿ ಹೊಗಳಿದರು. ಅಲ್ಲಿಗೆ ಮುಗಿಯಿತು. ಎಂಜಿನ್ ಕಟ್ಟುವವರಿಗೆ ಅದು ತೀರ ತತ್ತ್ವದ ಪುಸ್ತಕ, ತತ್ತ್ವದವರಿಗೆ ಅದು ಎಂಜಿನ್ ಪುಸ್ತಕ. ಇಬ್ಬರೂ ಓದಲಿಲ್ಲ.

ಸೇನೆ ಅವರನ್ನು ಮತ್ತೆ ಕರೆಸಿಕೊಂಡು ಕ್ಯಾಪ್ಟನ್ ಮಾಡಿತು. 1828ರಲ್ಲಿ ಅವರು ಸೇನೆಯನ್ನೇ ಬಿಟ್ಟರು. ಓದು, ಪ್ರಯೋಗದ ಯೋಜನೆ, ಟಿಪ್ಪಣಿಗಳ ನಡುವೆ ಇದ್ದರು. 1832ರ ಬೇಸಿಗೆಯಲ್ಲಿ ಕೆಂಪು ಜ್ವರ ಬಂತು. ಅದರ ಹಿಂದೆಯೇ ಮೆದುಳಿನ ಜ್ವರ, ಮನಸ್ಸು ಸ್ಥಿಮಿತ ತಪ್ಪಿತು. ಪ್ಯಾರಿಸ್ ಹೊರವಲಯದ ಇವ್ರಿ ಎಂಬಲ್ಲಿನ ಆಸ್ಪತ್ರೆಗೆ ಸೇರಿಸಿದರು. ಆ ವರ್ಷ ಪ್ಯಾರಿಸ್‌ನಲ್ಲಿ ಕಾಲರಾ ಹಬ್ಬಿ 18 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಆಗಸ್ಟ್ 24ರಂದು ಕಾರ್ನೊ ಅವರಿಗೂ ಕಾಲರಾ ತಗಲಿ, ಅದೇ ದಿನ ತೀರಿಕೊಂಡರು. ವಯಸ್ಸು 36. ರೋಗ ಹರಡಬಾರದೆಂದು ಅವರ ವಸ್ತುಗಳನ್ನು, ಕಾಗದಪತ್ರಗಳಲ್ಲಿ ಬಹುಪಾಲನ್ನು ನಾಶ ಮಾಡಲಾಯಿತು. ಮಾರಾಟವಾಗದ ಒಂದು ಪುಸ್ತಕ, ಉಳಿದ ಕೆಲವು ಹಾಳೆ, ಇಷ್ಟೇ ಆಸ್ತಿ.

ಎರಡು ವರ್ಷದ ನಂತರ, 1834ರಲ್ಲಿ, ಅದೇ ಪಾಲಿಟೆಕ್ನಿಕ್‌ನಲ್ಲಿ ಓದಿದ ಎಮಿಲ್ ಕ್ಲಾಪೆರಾನ್ ಎಂಬ ರೈಲ್ವೆ ಎಂಜಿನಿಯರ್ ಈ ಪುಸ್ತಕದ ವಿಚಾರವನ್ನು ಗಣಿತದ ಭಾಷೆಯಲ್ಲಿ, ಗ್ರಾಫಿನ ಸಮೇತ ಬರೆದರು. ಪಠ್ಯಪುಸ್ತಕದ ನಾಲ್ಕು ಗೆರೆಗಳ ಚಿತ್ರ ಅವರಿಂದ ಬಂದದ್ದು. ಅದನ್ನು ಓದಿದ ವಿಲಿಯಂ ಥಾಮ್ಸನ್ ಎಂಬ ತರುಣ 1845ರಲ್ಲಿ ಮೂಲ ಪುಸ್ತಕ ಹುಡುಕಿಕೊಂಡು ಪ್ಯಾರಿಸ್‌ನ ಪುಸ್ತಕದಂಗಡಿಗಳನ್ನೆಲ್ಲ ಸುತ್ತಿದರು. ಕಾರ್ನೊ ಎಂದರೆ ಅಂಗಡಿಯವರು ತಮ್ಮ ಇಪ್ಪೊಲಿತ್ ಬರೆದ ಪುಸ್ತಕ ತೋರಿಸುತ್ತಿದ್ದರಂತೆ. ಸಾದಿ ಯಾರಿಗೂ ಗೊತ್ತಿರಲಿಲ್ಲ. ಆ ತರುಣನೇ ಮುಂದೆ ಲಾರ್ಡ್ ಕೆಲ್ವಿನ್ ಆದರು. 1848ರಲ್ಲಿ ಅವರು ಕಾರ್ನೊ ತತ್ತ್ವದ ಮೇಲೆಯೇ ನಿರಪೇಕ್ಷ ಉಷ್ಣತೆಯ ಅಳತೆಯನ್ನು ಕಟ್ಟಿದರು. ನಾನು ಮೇಲೆ ಬರೆದ 300 ಕೆಲ್ವಿನ್, 600 ಕೆಲ್ವಿನ್ ಅಲ್ಲಿಂದ ಬಂದವು. 1850ರಲ್ಲಿ ಜರ್ಮನಿಯ ಕ್ಲಾಸಿಯಸ್ ಅದನ್ನು ಇನ್ನೂ ತಿದ್ದಿ ಉಷ್ಣಗತಿಶಾಸ್ತ್ರದ ಎರಡನೆಯ ನಿಯಮವಾಗಿ ನಿಲ್ಲಿಸಿದರು. ಮ್ಯೂನಿಕ್‌ನ ತರಗತಿಯಲ್ಲಿ ಕಾರ್ನೊ ಪಾಠ ಕೇಳಿದ ರುಡಾಲ್ಫ್ ಡೀಸೆಲ್ ಎಂಬ ವಿದ್ಯಾರ್ಥಿ, ಆ ಮಿತಿಯ ಹತ್ತಿರಕ್ಕೆ ಹೋಗುವ ಎಂಜಿನ್ ಕಟ್ಟುತ್ತೇನೆಂದು ಹೊರಟು 1897ರ ಹೊತ್ತಿಗೆ ಕಟ್ಟಿಯೇಬಿಟ್ಟರು. ಗಾಳಿಯನ್ನು ಜೋರಾಗಿ ಒತ್ತಿ, ಆ ಬಿಸಿಯಿಂದಲೇ ಎಣ್ಣೆ ಹೊತ್ತಿಸುವ ಎಂಜಿನ್. ಭಾಯಿಜಾನ್ ಅವರ ಆಟೊದಲ್ಲಿರುವುದು ಅದೇ.

ಕೊನೆಯದಾಗಿ ಆ ಉಳಿದ ಹಾಳೆಗಳ ವಿಷಯ. ಕಾರ್ನೊ ಪುಸ್ತಕ ಬರೆದಾಗ ಶಾಖ ಎಂಬುದು ನೀರಿನಂತೆ ಹರಿಯುವ, ನಾಶವಾಗದ ಒಂದು ದ್ರವ ಎಂದು ಬಹುತೇಕರು ನಂಬಿದ್ದರು. ಅವರೂ ಆ ನಂಬಿಕೆಯ ಮೇಲೆಯೇ ವಾದ ಕಟ್ಟಿದ್ದರು. ಆದರೆ ಬರೆಯುವಾಗಲೇ ಅದರ ಬಗ್ಗೆ ಅನುಮಾನವಿತ್ತು. 1878ರಲ್ಲಿ, ಅಣ್ಣ ಸತ್ತು 46 ವರ್ಷವಾದ ಮೇಲೆ, ಮುದುಕರಾಗಿದ್ದ ಇಪ್ಪೊಲಿತ್ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿ, ಅಣ್ಣನ ಜೀವನವನ್ನೂ ಆ ಹಾಳೆಗಳನ್ನೂ ಜೊತೆಗೆ ಸೇರಿಸಿದರು. ಶಾಖ ದ್ರವವಲ್ಲ, ಚಲನೆ, ಅದು ಕೆಲಸವಾಗಿ ಬದಲಾಗುತ್ತದೆ ಎಂದು ಕಾರ್ನೊ ಅಲ್ಲಿ ಬರೆದುಕೊಂಡಿದ್ದರು. ಎಷ್ಟು ಶಾಖಕ್ಕೆ ಎಷ್ಟು ಕೆಲಸ ಎಂಬುದನ್ನೂ ಲೆಕ್ಕ ಹಾಕಿದ್ದರು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವ ಶಾಖ 370 ಕಿಲೋ ಭಾರವನ್ನು ಒಂದು ಮೀಟರ್ ಎತ್ತಬಲ್ಲದು ಎಂಬುದು ಅವರ ಉತ್ತರ. ಇಂದಿನ ಸರಿಯಾದ ಅಂಕಿ 427. ಜೂಲ್ ಮುಂತಾದವರು ಪ್ರಯೋಗ ಮಾಡಿ ಇದನ್ನು ತೋರಿಸಿದ್ದು ಕಾರ್ನೊ ಸತ್ತು ಹತ್ತು ವರ್ಷದ ಮೇಲೆ. ಅಷ್ಟು ಹೊತ್ತು ಆ ಉತ್ತರ ತಮ್ಮನ ಕಪಾಟಿನಲ್ಲೇ ಇತ್ತು.

ಇಪ್ಪೊಲಿತ್ ತಮ್ಮ ಮಗನಿಗೂ ಸಾದಿ ಎಂದೇ ಹೆಸರಿಟ್ಟಿದ್ದರು. ಆ ಸಾದಿ 1887ರಲ್ಲಿ ಫ್ರಾನ್ಸ್‌ನ ಅಧ್ಯಕ್ಷರಾದರು. ಹಾಗಾಗಿ ಶೀರಾಜ್‌ನ ಕವಿಯ ಹೆಸರು ಆ ದೇಶದ ಅತಿ ದೊಡ್ಡ ಕುರ್ಚಿಯವರೆಗೂ ಹೋಯಿತು. ಆದರೆ ಇಂದು ಪ್ರಪಂಚದ ಎಲ್ಲ ಕಾಲೇಜುಗಳ ಕಪ್ಪುಹಲಗೆಯ ಮೇಲೆ ಬರೆಯುವುದು ಅರ್ಧ ಸಂಬಳದ ಆ ದೊಡ್ಡಪ್ಪನ ಹೆಸರನ್ನು. ನಮ್ಮ ಕಾಲೇಜಿನ ಗ್ರಂಥಾಲಯದ ಭೌತಶಾಸ್ತ್ರದ ಕಪಾಟು ವಾಣಿಜ್ಯದ ಕಪಾಟಿನ ಪಕ್ಕದಲ್ಲೇ ಇದೆ. ಎರಡರ ನಡುವೆ ಗೋಡೆಯಿಲ್ಲ. ಗಾಡಿ, ಸೋಲಾರ್, ಬ್ಯಾಟರಿ ಎಂದು ಯಾರಾದರೂ ನಿಮ್ಮ ಮನೆಗೆ ಬಣ್ಣದ ಕಾಗದ ತಂದರೆ, ಸಹಿ ಹಾಕುವ ಮೊದಲು ಸಾದಿ ಕಾರ್ನೊ ಕೇಳಿದ ಪ್ರಶ್ನೆಯನ್ನೇ ನೀವೂ ಕೇಳಿ. ಹಾಕಿದ್ದು ಎಷ್ಟು, ಹೆಚ್ಚೆಂದರೆ ಬರುವುದು ಎಷ್ಟು, ಉಳಿದದ್ದು ಎಲ್ಲಿ ಹೋಯಿತು?